ಅಮ್ಮನ ಕಂಪ್ಯೂಟರಿಗೆ ಯಾವ ವಿಡಿಯೊ ಕಾಲ್ ಹಾಕೋಣ? ಪುಕ್ಕಟೆ ಆಗಬೇಕು, ಹತ್ತು ಜನ ಕಾಣಬೇಕು

ಸಾಗರದ_ಮಗಳು

ಎಲ್ಲರಿಗೂ ನಮಸ್ಕಾರ. ಒಂದು ಸಲಹೆ ಬೇಕಿತ್ತು. ಸ್ವಲ್ಪ ಉದ್ದ ಬರೆಯುತ್ತೇನೆ. ಪೂರ್ತಿ ಹೇಳದಿದ್ದರೆ "ಇದು ಹಾಕಿ, ಅದು ಹಾಕಿ" ಅಂತ ಬರೀ ಹೆಸರು ಬರುತ್ತವೆ.

ಅಮ್ಮ ಇರುವುದು ಸಾಗರದ ಹತ್ತಿರದ ಹಳ್ಳಿಯಲ್ಲಿ. ವಯಸ್ಸು 71. ಅಪ್ಪ ಹೋದ ಮೇಲೆ ಮನೆಯಲ್ಲಿ ಒಬ್ಬರೇ, ಪಕ್ಕದ ಮನೆಯಲ್ಲಿ ಚಿಕ್ಕಪ್ಪ ಇದ್ದಾರೆ. ನಾನು ಬೆಂಗಳೂರಲ್ಲಿ, ಅಣ್ಣ ಟೊರಾಂಟೊದಲ್ಲಿ, ತಂಗಿ ಸಿಂಗಪುರದಲ್ಲಿ. ಜೊತೆಗೆ ಹುಬ್ಬಳ್ಳಿಯ ಅತ್ತೆ, ಶಿವಮೊಗ್ಗದ ಸೋದರಮಾವ, ಅವರ ಮಕ್ಕಳು. ಭಾನುವಾರ ಸಂಜೆ ಏಳಕ್ಕೆ ಎಲ್ಲರೂ ಸೇರುವುದು ಹತ್ತು ವರ್ಷದಿಂದ ನಡೆದುಕೊಂಡು ಬಂದಿದೆ. ಅಪ್ಪ ಇದ್ದಾಗ ಸ್ಕೈಪ್ ಹಾಕಿಕೊಟ್ಟಿದ್ದರು. ನಡುಮನೆಯ ಮೇಜಿನ ಮೇಲೆ ದೊಡ್ಡ ಸ್ಕ್ರೀನಿನ ಕಂಪ್ಯೂಟರ್. ಅಮ್ಮ ಆರೂ ಮುಕ್ಕಾಲಿಗೇ ದೀಪ ಹಚ್ಚಿ ಅದರ ಎದುರು ಕೂರುತ್ತಿದ್ದರು.

2025ರ ಮೇ 5ಕ್ಕೆ ಸ್ಕೈಪ್ ನಿಂತಿತು, ನಿಮಗೆಲ್ಲ ಗೊತ್ತಿದೆ. ಅಂದಿನಿಂದ ಅಮ್ಮನ ಫೋನಿನಲ್ಲಿ ವಾಟ್ಸಾಪ್. ಹತ್ತು ಜನ ಬಂದರೆ ಒಬ್ಬೊಬ್ಬರ ಮುಖ ಅಂಚೆಚೀಟಿಯಷ್ಟು. ಅಮ್ಮನಿಗೆ ಹೋದ ವರ್ಷ ಎರಡೂ ಕಣ್ಣಿನ ಪೊರೆ ತೆಗೆಸಿದ್ದೇವೆ. ದೂರದ್ದು ಚೆನ್ನಾಗಿ ಕಾಣುತ್ತದೆ, ಹತ್ತಿರದ್ದಕ್ಕೆ ಕನ್ನಡಕ ಬೇಕು. ಹಾಗಾಗಿ ಫೋನನ್ನು ಕೈಯುದ್ದ ದೂರ ಹಿಡಿಯುತ್ತಾರೆ. ಐದು ನಿಮಿಷಕ್ಕೆ ಕೈ ಸೋಲುತ್ತದೆ. ಆಮೇಲೆ ನಮಗೆ ಕಾಣುವುದು ಅರ್ಧ ಹಣೆ, ಮೇಲೆ ತಿರುಗುವ ಫ್ಯಾನು. ಹೋದ ತಿಂಗಳು ಅಮ್ಮ ಅಂದರು, "ಇನ್ನು ಮಾತು ಸಾಕು ಮಾರಾಯ್ತಿ, ಮುಖ ಕಾಣದಿದ್ರೂ ಅಡ್ಡಿಲ್ಲ." ಅವತ್ತಿಂದ ನನಗೆ ಸಮಾಧಾನವಿಲ್ಲ.

ಮತ್ತೆ ಕಂಪ್ಯೂಟರಿಗೆ ತರಬೇಕು. ದುಡ್ಡು ಕಟ್ಟುವಂತಿರಬಾರದು. ಹತ್ತು ಜನ ಒಟ್ಟಿಗೆ ಕಾಣಬೇಕು. ನಮ್ಮ ಮಾತು ಎರಡು ಗಂಟೆ ಹೋಗುತ್ತದೆ, ನಡುವೆ ಕಡಿಯಬಾರದು. ಅಮ್ಮ ಯಾರನ್ನೂ ಕರೆಯದೆ ತಾವೇ ಸೇರುವಂತಿರಬೇಕು. ಇದು ಮುಖ್ಯ.

ಧಾರವಾಡ_ಮೇಷ್ಟ್ರು

ತಂಗೀ, ಗೂಗಲ್ ಮೀಟ್ ನೋಡ್ರಿ. ಏನೂ ಇನ್‌ಸ್ಟಾಲ್ ಮಾಡುವುದು ಬೇಡ, ಕ್ರೋಮ್‌ನಲ್ಲೇ ತೆರೆಯುತ್ತದೆ. ಕೊರೊನಾ ಕಾಲದಲ್ಲಿ, 2020ರ ಮೇ ತಿಂಗಳಲ್ಲಿ, ಅದನ್ನು ಎಲ್ಲರಿಗೂ ಬಿಟ್ಟಿ ಕೊಟ್ಟರು. ನಿವೃತ್ತಿಗೆ ಮುಂಚಿನ ಕೊನೇ ವರ್ಷ ನಾನು ಎಂಟನೇ ಕ್ಲಾಸಿನ ಪಾಠ ಪೂರ್ತಿ ಅದರಲ್ಲೇ ಮಾಡಿದೆ.

ಕ್ಯಾಲೆಂಡರ್‌ನಲ್ಲಿ "ಪ್ರತಿ ಭಾನುವಾರ ಏಳು ಗಂಟೆ" ಅಂತ ಒಮ್ಮೆ ಇಟ್ಟರೆ ಪ್ರತಿ ವಾರ ಅದೇ ಲಿಂಕ್. ಆ ಲಿಂಕನ್ನು ಡೆಸ್ಕ್‌ಟಾಪ್ ಮೇಲೆ ಚಿತ್ರದ ಹಾಗೆ ಇಟ್ಟುಬಿಡಿ. ಅಮ್ಮ ಅದರ ಮೇಲೆ ಎರಡು ಸಲ ಒತ್ತಿದರೆ ಸಾಕು.

ಒಂದು ತೊಡಕಿದೆ, ಮೊದಲೇ ಹೇಳಿಬಿಡುತ್ತೇನೆ. ಇಬ್ಬರೇ ಇದ್ದರೆ 24 ಗಂಟೆ ಮಾತಾಡಬಹುದು. ಮೂರು ಜನ ಅಥವಾ ಜಾಸ್ತಿ ಆದರೆ 60 ನಿಮಿಷಕ್ಕೆ ಮುಗಿಯುತ್ತದೆ. ಅದೇ ಲಿಂಕಿನಿಂದ ಮತ್ತೆ ಒಳಗೆ ಬರಬಹುದು.

ಸಿಯಾಟಲ್_ಕನ್ನಡತಿ

ಈ "ಮತ್ತೆ ಒಳಗೆ ಬರಬಹುದು" ನಮಗೂ ನಿಮಗೂ ಸುಲಭ ಮೇಷ್ಟ್ರೇ. ವಯಸ್ಸಾದವರಿಗೆ ಅಲ್ಲ. ನಮ್ಮ ಮನೆಯ ಒಂದು ಅನುಭವ ಹೇಳುತ್ತೇನೆ.

ಮಗಳ ಅಕ್ಷರಾಭ್ಯಾಸ ಇಲ್ಲಿ ಮನೆಯಲ್ಲೇ ಮಾಡಿದೆವು. ಹರಿವಾಣದಲ್ಲಿ ಅಕ್ಕಿ ಹರಡಿ, ಊರಲ್ಲಿರುವ ಅಜ್ಜ ಅಜ್ಜಿಗೆ ಕಾಣುವ ಹಾಗೆ ಲ್ಯಾಪ್‌ಟಾಪ್ ಇಟ್ಟಿದ್ದೆವು. ಸಮಯದ ಮಿತಿ ಇರುವ ಒಂದು ಪ್ರೋಗ್ರಾಂ ಅದು. ಸಂಕಲ್ಪ, ಪೂಜೆ ಅಂತ ಹೊತ್ತು ಹೋಗಿದ್ದು ಗೊತ್ತಾಗಲಿಲ್ಲ. ನಮ್ಮವರು ಮಗುವಿನ ಬೆರಳು ಹಿಡಿದು "ಶ್ರೀ" ಬರೆಸಬೇಕು, ಆಗಲೇ ಸ್ಕ್ರೀನ್ ಖಾಲಿ. ಮಾವನವರು ಕಂಪ್ಯೂಟರ್ ಹಾಳಾಯಿತು ಅಂದುಕೊಂಡು ಸ್ವಿಚ್ ಆರಿಸಿ ಕೂತಿದ್ದರು. ನಾವು ಫೋನ್ ಮಾಡಿ ಮತ್ತೆ ಸೇರಿಸುವಷ್ಟರಲ್ಲಿ ಮಗು ಅಕ್ಕಿಯಲ್ಲಿ ಆಟ ಆಡುತ್ತಿತ್ತು. ಅವರು ಒಂದು ಮಾತೂ ಅನ್ನಲಿಲ್ಲ. ನನಗೆ ಮಾತ್ರ ಇವತ್ತಿಗೂ ಅದು ಹೊಟ್ಟೆಯಲ್ಲಿದೆ.

ಹಾಗಾಗಿ ಸಮಯದ ಲೆಕ್ಕ ಮೊದಲು ನೋಡಿ ಅಕ್ಕ. ಜೂಮ್ ಪುಕ್ಕಟೆಯಲ್ಲಿ 40 ನಿಮಿಷ, 100 ಜನ. ಮೊದಲು ಇಬ್ಬರೇ ಮಾತಾಡಿದರೆ ಮಿತಿ ಇರಲಿಲ್ಲ, 2022ರಿಂದ ಅದಕ್ಕೂ 40 ನಿಮಿಷ ಮಾಡಿದರು. ಮೀಟ್ 60. ಸ್ಕೈಪ್ ಜಾಗಕ್ಕೆ ಬಂದ ಟೀಮ್ಸ್ ಕೂಡ ಗುಂಪಿಗೆ 60. ಎರಡು ಗಂಟೆಯ ಮಾತಿಗೆ ಈ ಮೂರೂ ಕೂಡಿಬರುವುದಿಲ್ಲ.

ಧಾರವಾಡ_ಮೇಷ್ಟ್ರು

ನಿಮ್ಮ ಮಾತು ಖರೇ ಅದ. ಮಕ್ಕಳಿಗೆ ಪಾಠ ಮಾಡುವಾಗ 45 ನಿಮಿಷಕ್ಕೆ ನಮ್ಮ ಗಂಟೆಯೇ ಹೊಡೆಯುತ್ತಿತ್ತು, ಅದಕ್ಕೆ ಈ ತೊಂದರೆ ನನ್ನ ಗಮನಕ್ಕೆ ಬಂದಿರಲಿಲ್ಲ.

ರಿಪೇರಿ_ಹಾಸನ

ಮೇಡಂ, ಪ್ರೋಗ್ರಾಂ ಆಮೇಲೆ. ಮೊದಲು ಯಂತ್ರದ ವಿಷಯ ಹೇಳಿ. ರ‍್ಯಾಮ್ ಎಷ್ಟು, ಯಾವ ವಿಂಡೋಸ್, ಕ್ಯಾಮೆರಾ ಯಾವುದು, ಮೈಕ್ ಎಲ್ಲಿದೆ, ನೆಟ್ ವೈರಿನಲ್ಲಿ ಬರುತ್ತದೋ ವೈಫೈಯಲ್ಲೋ.

ಹನ್ನೆರಡು ವರ್ಷದಿಂದ ಮನೆ ಮನೆಗೆ ಹೋಗಿ ಕಂಪ್ಯೂಟರ್ ಸರಿ ಮಾಡುತ್ತೇನೆ. "ವಿಡಿಯೊ ಕಾಲ್ ಸರಿ ಬರ್ತಿಲ್ಲ, ಬೇರೆ ಪ್ರೋಗ್ರಾಂ ಹಾಕಿಕೊಡಿ" ಅಂತ ಕರೆಯುತ್ತಾರೆ. ಹೋಗಿ ನೋಡಿದರೆ ಹತ್ತರಲ್ಲಿ ಏಳೆಂಟು ಕಡೆ ಪ್ರೋಗ್ರಾಂ ಸರಿಯಾಗೇ ಇರುತ್ತದೆ. ಡೆಸ್ಕ್‌ಟಾಪಿಗೆ ಮೈಕೇ ಇರುವುದಿಲ್ಲ, ಅಥವಾ ಮೈಕ್ ಸಿಪಿಯು ಡಬ್ಬದ ಹಿಂದೆ ನೇತಾಡುತ್ತಿರುತ್ತದೆ. ಇನ್ನು ಕೆಲವು ಕಡೆ ಬೇರೊಂದು ಪ್ರೋಗ್ರಾಂ ಹಿಂದೆ ತೆರೆದುಕೊಂಡು ಕ್ಯಾಮೆರಾ ಹಿಡಿದು ಕೂತಿರುತ್ತದೆ. ಒಂದು ಬಿಡದೆ ಇನ್ನೊಂದಕ್ಕೆ ಕ್ಯಾಮೆರಾ ಸಿಗುವುದಿಲ್ಲ.

ಮತ್ತೊಂದು. ಒಂದೇ ಕೋಣೆಯಲ್ಲಿ ಕಂಪ್ಯೂಟರಿನಲ್ಲೂ ಫೋನಿನಲ್ಲೂ ಸೇರಬೇಡಿ. ಇದರ ಸ್ಪೀಕರ್ ಶಬ್ದ ಅದರ ಮೈಕಿಗೆ ಹೋಗಿ, ಅದು ಇದಕ್ಕೆ ಬಂದು, ಕೂಗಾಟ ಶುರುವಾಗುತ್ತದೆ. ಆಗ ಎಲ್ಲರೂ "ನೆಟ್ ಸರಿಯಿಲ್ಲ" ಅಂತಾರೆ.

ಸಾಗರದ_ಮಗಳು

ಚಿಕ್ಕಪ್ಪನ ಮಗನಿಗೆ ಹೇಳಿ ನೋಡಿಸಿದೆ ಸರ್. ಐ3, 4 ಜಿಬಿ ರ‍್ಯಾಮ್, ವಿಂಡೋಸ್ 10. ವೆಬ್‌ಕ್ಯಾಮ್ ನಾನೇ ಎಸ್‌ಪಿ ರೋಡಿನಿಂದ ತಂದುಕೊಟ್ಟಿದ್ದು, ಮೈಕ್ ಅದರಲ್ಲೇ ಇದೆ. ಸ್ಕ್ರೀನ್ 22 ಇಂಚು. ಫೈಬರ್ ಬಂದಿದೆ, ರೂಟರ್ ಜಗುಲಿಯಲ್ಲಿ, ಕಂಪ್ಯೂಟರ್ ನಡುಮನೆಯಲ್ಲಿ. ನಡುವೆ ಹಳೇ ಮಣ್ಣಿನ ಗೋಡೆ, ಒಂದೂವರೆ ಅಡಿ ದಪ್ಪ.

ರಿಪೇರಿ_ಹಾಸನ

ಆ ಗೋಡೆಯೇ ಅರ್ಧ ಕಾರಣ. ರೂಟರಿನಿಂದ ನಡುಮನೆಗೆ ಒಂದು ನೆಟ್‌ವರ್ಕ್ ಕೇಬಲ್ ಎಳೆಸಿ. ತೊಲೆಯ ಪಕ್ಕದಲ್ಲಿ ಕ್ಲಿಪ್ ಹೊಡೆದರೆ ಕಾಣುವುದೂ ಇಲ್ಲ. ಇಡೀ ಕೆಲಸದಲ್ಲಿ ದುಡ್ಡು ಖರ್ಚು ಮಾಡುವ ಹಾಗಿದ್ದರೆ ಇದಕ್ಕೇ ಮಾಡಿ. ಕೇಬಲ್ ಎಳೆಯಲು ಆಗದಿದ್ದರೆ ರೂಟರಿನ 2.4 ಗಿಗಾಹರ್ಟ್ಸ್ ವೈಫೈ ಹಿಡಿಸಿ. 5ರದ್ದು ವೇಗ ಜಾಸ್ತಿ, ಆದರೆ ದಪ್ಪ ಗೋಡೆ ದಾಟುವುದಿಲ್ಲ.

ನೆಟ್ ಕಂಪನಿಯವರು ಹೇಳುವ ವೇಗ ಕೆಳಗೆ ಬರುವ ವೇಗ. ಅಮ್ಮನ ಮುಖ ನಿಮಗೆ ಕಾಣಬೇಕಾದರೆ ಮೇಲೆ ಹೋಗುವ ವೇಗ, ಅಂದರೆ ಅಪ್‌ಲೋಡ್, ಬೇಕು. ಎರಡು ಮೂರು ಎಂಬಿಪಿಎಸ್ ಕಡಿಯದೆ ಸಿಕ್ಕಿದರೆ ಮನೆ ಮಾತಿಗೆ ಸಾಕು. ಕಡಿದು ಕಡಿದು ಬರುವ 50ಕ್ಕಿಂತ ಒಂದೇ ಸಮ ಬರುವ ಮೂರು ಒಳ್ಳೆಯದು.

ಮಲೆನಾಡು ಅಂದಿರಿ. ರೂಟರಿಗೆ ಒಂದು ಚಿಕ್ಕ ಯುಪಿಎಸ್ ಸಿಗುತ್ತದೆ, ಅಂಗೈಯಷ್ಟು. ಕರೆಂಟ್ ಹೋದರೂ ಎರಡು ಮೂರು ಗಂಟೆ ರೂಟರ್ ನಡೆಯುತ್ತದೆ. ಮನೆಯಲ್ಲಿ ಇನ್ವರ್ಟರ್ ಇದ್ದರೆ ರೂಟರನ್ನೂ ಕಂಪ್ಯೂಟರನ್ನೂ ಅದೇ ಲೈನಿಗೆ ಕೊಡಿಸಿ.

ಈಗ ರ‍್ಯಾಮ್. 4 ಜಿಬಿ ಯಂತ್ರದಲ್ಲಿ ಹತ್ತು ಮುಖ ಒಟ್ಟಿಗೆ ಬಿಡಿಸುವುದು ಭಾರ. ಆಗುತ್ತದೆ, ಆದರೆ ಬೇರೆ ಏನೂ ತೆರೆದಿರಬಾರದು. ಇನ್ನೊಂದು 4 ಜಿಬಿ ಹಾಕಿಸಿದರೆ ಅಮ್ಮನಿಗೆ ಕಾಯುವುದು ತಪ್ಪುತ್ತದೆ. ಟೀಮ್ಸ್ ಈ ಯಂತ್ರಕ್ಕೆ ನಾನು ಹಾಕುವುದಿಲ್ಲ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿದಿದೆ. ಮನೆ ಬಳಕೆಯವರಿಗೆ ಒಂದು ವರ್ಷ ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟ್ ಕೊಟ್ಟಿದ್ದಾರೆ, ಅದಕ್ಕೆ ಸೆಟ್ಟಿಂಗ್ಸ್‌ನಲ್ಲಿ ನೋಂದಾಯಿಸಿಕೊಳ್ಳಬೇಕು. ಅದನ್ನು ಮಾಡಿಸಿ.

ಮುಕ್ತ_ತಂತ್ರಾಂಶ

ಜಿತ್ಸಿ ಮೀಟ್ ಬಗ್ಗೆ ಯಾರೂ ಹೇಳಿಲ್ಲ ಅಂತ ಬಂದೆ. ಇದು ಮುಕ್ತ ತಂತ್ರಾಂಶ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ 2003ರಲ್ಲಿ ಒಬ್ಬ ವಿದ್ಯಾರ್ಥಿ, ಎಮಿಲ್ ಇವೊವ್, ಶುರು ಮಾಡಿದ ಕೆಲಸ. ಸ್ಕೈಪ್ ಹುಟ್ಟಿದ್ದೂ ಅದೇ ವರ್ಷ. ಜಿತ್ಸಿ ಇನ್ನೂ ನಡೆಯುತ್ತಿದೆ. ಕೋಡ್ ಎಲ್ಲರ ಕೈಯಲ್ಲಿದೆ, ಒಂದು ಕಂಪನಿ ಬಾಗಿಲು ಹಾಕಿದರೂ ಇನ್ನೊಬ್ಬರು ತಮ್ಮ ಸರ್ವರಿನಲ್ಲಿ ನಡೆಸಬಹುದು. ಹತ್ತು ವರ್ಷದ ಅಭ್ಯಾಸ ಒಂದು ದಿನಕ್ಕೆ ತಪ್ಪಿತಲ್ಲ, ಅಂಥದ್ದು ಮತ್ತೆ ಆಗಬಾರದು ಅಂದರೆ ಈ ದಾರಿ ನೋಡಲೇಬೇಕು.

ಬ್ರೌಸರಿನಲ್ಲಿ ತೆರೆಯುತ್ತದೆ. 40, 60 ನಿಮಿಷದ ಗೋಳಿಲ್ಲ. ಸೇರುವವರಿಗೆ ಖಾತೆ ಬೇಡ, ಪಾಸ್‌ವರ್ಡ್ ಬೇಡ. 2023ರ ಆಗಸ್ಟ್‌ನಿಂದ ಕೋಣೆ ತೆರೆಯುವ ಒಬ್ಬರು ಮಾತ್ರ ಗೂಗಲ್ ಅಥವಾ ಫೇಸ್‌ಬುಕ್ ಖಾತೆಯಿಂದ ಒಳಗೆ ಬರಬೇಕು. ಅದು ನೀವು ಮಾಡಿ. ಅಮ್ಮ ಲಿಂಕ್ ಒತ್ತಿದರೆ ನೇರ ಒಳಗೆ.

ಕೋಣೆಯ ಹೆಸರು ಉದ್ದ ಇಡಿ. "ಮನೆ", "ಕುಟುಂಬ" ಅಂತ ಇಟ್ಟರೆ ಅದೇ ಹೆಸರು ಹಾಕಿದ ಇನ್ಯಾರೋ ಬಂದು ಕೂರಬಹುದು. ನಾವು ಮೂರು ಊರಿನ ಹೆಸರು, ಅಜ್ಜಿ ಮನೆ ಹಸುವಿನ ಹೆಸರು, ಒಂದು ನಾಲ್ಕಂಕಿ ಸೇರಿಸಿ ಇಟ್ಟಿದ್ದೇವೆ. 4 ಜಿಬಿ ಯಂತ್ರವಾದರೆ ವಿಡಿಯೊ ಗುಣಮಟ್ಟವನ್ನು ಒಂದು ಮೆಟ್ಟಿಲು ಇಳಿಸಿ, ಉಸಿರಾಡುತ್ತದೆ. ಸಾಧ್ಯವಾದರೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿಬಿಡಿ, ಹಳೇ ಯಂತ್ರಕ್ಕೆ ಜೀವ ಬರುತ್ತದೆ.

ರಿಪೇರಿ_ಹಾಸನ

ಜಿತ್ಸಿ ಒಳ್ಳೆಯದು, ಒಪ್ಪುತ್ತೇನೆ. ಮಿಂಟ್ ಬೇಡ ಅಣ್ಣಾ. 71 ವರ್ಷದವರಿಗೆ ಕೆಳಗಿನ ಎಡಮೂಲೆಯ ಬಟನ್ ಎಲ್ಲಿದೆ ಅಂತ ಕೈಗೆ ಗೊತ್ತಾಗಿದೆ. ಅದನ್ನು ಕದಲಿಸಬಾರದು.

ಕುಂದಾಪುರ_ಅಜ್ಜ

ನಾನು 74 ವರ್ಷದವನು. ನೀವೆಲ್ಲ ನಮ್ಮಂಥವರ ಬಗ್ಗೆ ಬರೆಯುತ್ತಿದ್ದೀರಿ, ನಾನೇ ಎರಡು ಮಾತು ಹೇಳುತ್ತೇನೆ.

ಮಗಳೇ, ನಮಗೆ ಬಟನ್ ಒತ್ತುವುದು ಕಷ್ಟವಲ್ಲ. ಬ್ಯಾಂಕಿನಲ್ಲಿ 36 ವರ್ಷ ಲೆಡ್ಜರ್ ಬರೆದವನು ನಾನು, ಕೊನೆಯ ಹತ್ತು ವರ್ಷ ಕಂಪ್ಯೂಟರಿನಲ್ಲೇ ಕೆಲಸ. ಕಷ್ಟ ಬೇರೆ ಇದೆ. ಹೋದ ವಾರ ಇದ್ದ ಜಾಗದಲ್ಲಿ ಈ ವಾರ ಬಟನ್ ಇರುವುದಿಲ್ಲ. ಏನೋ ಒಂದು ಚೌಕ ಎದ್ದು ಬಂದು "ಅಲೋ, ಬ್ಲಾಕ್" ಅಂತ ಕೇಳುತ್ತದೆ. ಯಾವುದು ಒತ್ತಿದರೆ ಏನು ಹಾಳಾಗುತ್ತದೋ ಅಂತ ಕೈ ನಿಲ್ಲುತ್ತದೆ. ಮಕ್ಕಳಿಗೆ ಫೋನ್ ಮಾಡಿ ಕೇಳಿದರೆ ಅವರು ಆಫೀಸಿನಲ್ಲಿರುತ್ತಾರೆ. ಎರಡು ಸಲ ಕೇಳುತ್ತೇವೆ, ಮೂರನೇ ಸಲ ಕೇಳುವುದಿಲ್ಲ. "ಮುಖ ಕಾಣದಿದ್ರೂ ಅಡ್ಡಿಲ್ಲ" ಅಂತ ನಿಮ್ಮ ತಾಯಿ ಅಂದದ್ದು ಆ ಮೂರನೇ ಸಲ.

ನಾನು ಈಗ ಕಂಪ್ಯೂಟರಿನಲ್ಲೇ ವಾಟ್ಸಾಪ್ ಇಟ್ಟುಕೊಂಡಿದ್ದೇನೆ. ಮಗ ಒಂದು ಸಲ ಫೋನಿನಿಂದ ಸ್ಕ್ಯಾನ್ ಮಾಡಿ ಕೊಟ್ಟು ಹೋದ. ಅವರು ಕರೆ ಮಾಡಿದಾಗ ಕಂಪ್ಯೂಟರೇ ರಿಂಗ್ ಆಗುತ್ತದೆ. ನಾನು ಬಂದು ಒಂದು ಬಟನ್ ಒತ್ತುತ್ತೇನೆ, ಅಷ್ಟೇ. ಹಳೇ ಲ್ಯಾಂಡ್‌ಲೈನ್ ಇದ್ದ ಹಾಗೆ. ಬಾಗಿಲು ತಟ್ಟಿದವರಿಗೆ ಬಾಗಿಲು ತೆಗೆಯುವುದು ನಮಗೆ ಬರುತ್ತದೆ.

ಸಾಗರದ_ಮಗಳು

ಅಜ್ಜಾ, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. "ಮೂರನೇ ಸಲ ಕೇಳುವುದಿಲ್ಲ." ಹೌದು, ಅಮ್ಮ ನನ್ನನ್ನು ಕೇಳುವುದು ಯಾವಾಗ ನಿಲ್ಲಿಸಿದರು ಅಂತ ನನಗೆ ನೆನಪೇ ಇಲ್ಲ.

ವಾಟ್ಸಾಪನ್ನು ಕಂಪ್ಯೂಟರಿನಲ್ಲಿ ಹಾಕುವುದು ನನ್ನ ತಲೆಗೇ ಬಂದಿರಲಿಲ್ಲ. ಅಮ್ಮನಿಗೆ ಗೊತ್ತಿರುವುದೂ ಅದೊಂದೇ. ಅದರಲ್ಲಿ ಹತ್ತು ಜನ ಆಗುತ್ತಾರಾ? ಸಮಯ?

ಸಿಯಾಟಲ್_ಕನ್ನಡತಿ

ಆಗುತ್ತಾರೆ ಅಕ್ಕ. ಒಂದು ವಿಡಿಯೊ ಕರೆಯಲ್ಲಿ 32 ಜನರ ತನಕ. ಸಮಯದ ಮಿತಿ ಇಲ್ಲ. ಮೈಕ್ರೊಸಾಫ್ಟ್ ಸ್ಟೋರಿನಿಂದ ಆ್ಯಪ್ ಇಳಿಸಿಕೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ ಕಂಪ್ಯೂಟರ್ ಶುರುವಾದ ಕೂಡಲೇ ತಾನೇ ತೆರೆಯುವ ಹಾಗೆ ಇಡಿ, ಆಗಲೇ ರಿಂಗ್ ಆಗುವುದು. ಕಂಪ್ಯೂಟರ್ ಆನ್ ಮಾಡುವುದು ಅಮ್ಮನ ಕೆಲಸ.

ಒಂದು ಎಚ್ಚರ. ಫೋನನ್ನು 14 ದಿನ ಬಳಸದೆ ಇಟ್ಟರೆ ಕಂಪ್ಯೂಟರಿನಲ್ಲಿ ಲಾಗ್‌ಔಟ್ ಆಗುತ್ತದೆ. ಅಮ್ಮ ಫೋನಿನಲ್ಲಿ ದಿನಾ ಸುಪ್ರಭಾತದ ಮೆಸೇಜು ಕಳಿಸುವವರಾದರೆ ಚಿಂತೆಯಿಲ್ಲ.

ಅಣ್ಣ ಟೊರಾಂಟೊದಲ್ಲಿ ಅಂದಿರಿ, ಗಡಿಯಾರದ ವಿಷಯವೂ ಹೇಳಿಬಿಡುತ್ತೇನೆ. ಇಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದಕ್ಕೆ, ನವೆಂಬರ್ ಮೊದಲ ಭಾನುವಾರ ಹಿಂದಕ್ಕೆ. ನಿಮ್ಮ ಸಂಜೆ ಏಳು ಅವರಿಗೆ ಬೇಸಿಗೆಯಲ್ಲಿ ಬೆಳಿಗ್ಗೆ 9.30, ಚಳಿಗಾಲದಲ್ಲಿ 8.30. ಊರಲ್ಲಿ ಸಮಯ ಬದಲಾಗದ ಕಾರಣ ಹಿರಿಯರು ಏಳಕ್ಕೇ ಬಂದು ಕೂತು ಕಾಯುತ್ತಾರೆ. ಸಮಯ ಯಾವಾಗಲೂ ಊರಿನದೇ ಇರಲಿ, ಹೊಂದಿಕೊಳ್ಳುವುದು ಹೊರಗಿರುವ ನಾವು.

ಮುಕ್ತ_ತಂತ್ರಾಂಶ

ಒಂದು ಕಂಪನಿ ಬಿಟ್ಟು ಇನ್ನೊಂದು ಕಂಪನಿಯ ಕೈಗೆ ಹೋಗುತ್ತಿದ್ದೀರಿ ಅಂತ ನನ್ನ ಬೇಸರ. ಆದರೆ ಅಜ್ಜನ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಜಿತ್ಸಿ ರಿಂಗ್ ಆಗುವುದಿಲ್ಲ, ಅಮ್ಮನೇ ಹೋಗಿ ಲಿಂಕ್ ಒತ್ತಬೇಕು. ವಾಟ್ಸಾಪ್ ಕರೆಗಳಿಗೆ ಎರಡು ತುದಿಯ ಗೂಢಲಿಪಿ ತಾನಾಗಿಯೇ ಇರುತ್ತದೆ, ನಡುವೆ ಯಾರೂ ಕೇಳಿಸಿಕೊಳ್ಳಲಾಗದು. ಸಿಗ್ನಲ್‌ನಲ್ಲೂ ಹಾಗೇ ಇದೆ, ಅದನ್ನು ಲಾಭಕ್ಕಲ್ಲದ ಸಂಸ್ಥೆ ನಡೆಸುತ್ತದೆ, ಕಂಪ್ಯೂಟರಿನಲ್ಲಿ ರಿಂಗೂ ಆಗುತ್ತದೆ. ಆದರೆ ನಿಮ್ಮ ಹತ್ತೂ ಜನ ಅದನ್ನು ಹೊಸದಾಗಿ ಹಾಕಿಕೊಳ್ಳಬೇಕು. ನಿಧಾನಕ್ಕೆ ಯೋಚಿಸಿ. ಜಿತ್ಸಿ ಲಿಂಕ್ ಒಂದನ್ನು ಮಾಡಿ ಇಟ್ಟುಕೊಂಡಿರಿ. ಮದುವೆ, ಉಪನಯನಕ್ಕೆ 40 ಮನೆ ಸೇರುವಾಗ ಕೆಲಸಕ್ಕೆ ಬರುತ್ತದೆ.

ಹೊಸಪೇಟೆ_ಕಿರಣ

ಜೂಮ್ ಸುರಕ್ಷಿತ ಅಲ್ಲ ಅಂತ ಸರ್ಕಾರವೇ ಹೇಳಿತ್ತಲ್ವಾ? ನಮ್ಮ ಮನೆಯಲ್ಲಿ ಈಗಲೂ ಅದೇ ಮಾತು.

ಮುಕ್ತ_ತಂತ್ರಾಂಶ

ಹೇಳಿತ್ತು. 2020ರ ಏಪ್ರಿಲ್‌ನಲ್ಲಿ ಕೇಂದ್ರ ಗೃಹ ಸಚಿವಾಲಯದ ಸೂಚನೆ ಬಂದಿತ್ತು. ಆಗ ಗುರುತಿಲ್ಲದವರು ಕ್ಲಾಸಿನ ಮಧ್ಯೆ ನುಗ್ಗುವುದು ಜಾಸ್ತಿಯಾಗಿತ್ತು. ಆ ತಿಂಗಳೇ ಜೂಮ್‌ನವರು ಪಾಸ್‌ಕೋಡ್, ಕಾಯುವ ಕೋಣೆ ಎರಡನ್ನೂ ತಾನಾಗಿ ಇರುವ ಹಾಗೆ ಮಾಡಿದರು. ಎರಡು ತುದಿಯ ಗೂಢಲಿಪಿ ಅದೇ ವರ್ಷ ಅಕ್ಟೋಬರ್‌ನಲ್ಲಿ ಬಂತು, ಆದರೆ ಅದನ್ನು ನಾವೇ ಆನ್ ಮಾಡಬೇಕು. ಲಿಂಕನ್ನು ಫೇಸ್‌ಬುಕ್ಕಿನಲ್ಲಿ ಹಾಕದಿದ್ದರೆ ಮನೆ ಮಟ್ಟಿಗೆ ತೊಂದರೆಯಿಲ್ಲ.

ಧಾರವಾಡ_ಮೇಷ್ಟ್ರು

ಸುರಕ್ಷತೆಯ ಮಾತು ಬಂತು, ಇದನ್ನು ದಯವಿಟ್ಟು ಓದ್ರಿ. ತಾಯಿ ಒಬ್ಬರೇ ಇರುವ ಮನೆ. ಕಂಪ್ಯೂಟರ್ ರಿಂಗ್ ಆಗುತ್ತದೆ ಅಂದರೆ ಬೇರೆಯವರೂ ರಿಂಗ್ ಮಾಡಬಹುದು. ಪೊಲೀಸ್ ಡ್ರೆಸ್ ಹಾಕಿಕೊಂಡು ವಿಡಿಯೊ ಕಾಲ್ ಮಾಡಿ "ಡಿಜಿಟಲ್ ಅರೆಸ್ಟ್" ಅಂತ ಹೆದರಿಸುವ ಕಳ್ಳರು ಇದ್ದಾರೆ. ಕಾನೂನಿನಲ್ಲಿ ಅಂಥ ಅರೆಸ್ಟೇ ಇಲ್ಲ. ನನ್ನ ಜೊತೆ ಕೆಲಸ ಮಾಡಿದ ಒಬ್ಬರು ಎರಡು ದಿನ ಊಟ ನಿದ್ದೆ ಬಿಟ್ಟು ಫೋನಿನ ಮುಂದೆ ಕೂತಿದ್ದರು. ಮಗ ಊರಿನಿಂದ ಬಂದು ಬಾಗಿಲು ತಟ್ಟಿದಾಗಲೇ ಬಿಡುಗಡೆ.

ವಾಟ್ಸಾಪ್‌ನಲ್ಲಿ ಪ್ರೈವೆಸಿ ಒಳಗೆ ಕಾಲ್ಸ್ ಅಂತಿದೆ. ಅಲ್ಲಿ ಗುರುತಿಲ್ಲದ ನಂಬರಿನ ಕರೆಗಳನ್ನು ಸುಮ್ಮನಿರಿಸಬಹುದು. ತಾಯಿಯ ಫೋನಿನಲ್ಲಿ ಇವತ್ತೇ ಆನ್ ಮಾಡ್ರಿ. ಸ್ಕ್ರೀನ್ ಶೇರ್ ಮಾಡಿ ಅಂತ ಯಾರು ಕೇಳಿದರೂ ಮಾಡಬಾರದು ಅಂತ ಹೇಳಿಡ್ರಿ. ಮೋಸವಾದರೆ ಸೈಬರ್ ಸಹಾಯವಾಣಿ 1930ಕ್ಕೆ ಕೂಡಲೇ ಫೋನ್. ಆ ನಂಬರನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡ್ರಿ.

ಸಾಗರದ_ಮಗಳು

ಇದು ನನ್ನ ಲಕ್ಷ್ಯಕ್ಕೇ ಬಂದಿರಲಿಲ್ಲ ಮೇಷ್ಟ್ರೇ. ಈಗಲೇ ಚಿಕ್ಕಪ್ಪನ ಮಗನಿಗೆ ಹೇಳಿ ಆನ್ ಮಾಡಿಸಿದೆ.

ಇನ್ನೊಂದು ಪ್ರಶ್ನೆ ಉಳಿದಿದೆ. ಅಮ್ಮ ಹಸೆ ಹಾಡು ಹೇಳುತ್ತಾರೆ. ಮದುವೆ ಮನೆಗಳಲ್ಲಿ ಅವರನ್ನು ಕರೆಸಿ ಹಾಡಿಸುತ್ತಿದ್ದರು. ಅಣ್ಣನ ಮಗಳಿಗೆ ಎಂಟು ವರ್ಷ, ಅಜ್ಜಿಯಿಂದ ಕಲಿಯಬೇಕು ಅಂತ ಆಸೆ. ಫೋನಿನಲ್ಲಿ ಪ್ರಯತ್ನಿಸಿದರೆ ಅಮ್ಮನ ಸ್ವರ ನಡುನಡುವೆ ಮುಳುಗಿ ಹೋಗುತ್ತದೆ. ಎಳೆದು ಹಾಡುವ ಕಡೆಯೇ ಮಾಯ. ಇದಕ್ಕೆ ಏನಾದರೂ ದಾರಿ ಇದೆಯಾ?

ಶ್ರುತಿಪೆಟ್ಟಿ_ಮೈಸೂರು

ಇದಕ್ಕೆ ನಾನು ಉತ್ತರ ಹೇಳಬಲ್ಲೆ. ಆರು ವರ್ಷದಿಂದ ಆನ್‌ಲೈನಿನಲ್ಲಿ ಸಂಗೀತ ಪಾಠ ಮಾಡುತ್ತಿದ್ದೇನೆ.

ಈ ಎಲ್ಲ ಪ್ರೋಗ್ರಾಂಗಳೂ ಮಾತಿಗೆ ಅಂತ ಮಾಡಿದವು. ಮಾತು ಏರಿಳಿಯುತ್ತದೆ, ನಡುವೆ ನಿಲ್ಲುತ್ತದೆ. ಒಂದೇ ಸಮ ಬರುವ ಶಬ್ದ ಬಂದರೆ ಅದನ್ನು ಫ್ಯಾನು, ಮಿಕ್ಸಿ ಅಂದುಕೊಂಡು ಅಳಿಸಿಹಾಕುತ್ತವೆ. ಶ್ರುತಿಪೆಟ್ಟಿಯ ನಾದ ಅವುಗಳಿಗೆ ಫ್ಯಾನಿನ ಹಾಗೆಯೇ. ಮೊದಲ ತಿಂಗಳು ಮಕ್ಕಳು "ಮಿಸ್, ಶ್ರುತಿ ಕೇಳ್ತಿಲ್ಲ" ಅನ್ನುತ್ತಿದ್ದರು. ನಾನು ಪೆಟ್ಟಿಯನ್ನು ಮೈಕಿನ ಹತ್ತಿರ ಹತ್ತಿರ ತರುತ್ತಿದ್ದೆ. ತಂದಷ್ಟೂ ಅದು ಜಾಸ್ತಿ ಅಳಿಸುತ್ತಿತ್ತು. ನಿಮ್ಮ ತಾಯಿ ಸ್ವರ ಎಳೆಯುವ ಕಡೆ ಆಗುತ್ತಿರುವುದೂ ಅದೇ.

ಜೂಮ್‌ನ ಕಂಪ್ಯೂಟರ್ ಆ್ಯಪಿನಲ್ಲಿ ಆಡಿಯೊ ಸೆಟ್ಟಿಂಗ್ಸ್ ಒಳಗೆ "ಒರಿಜಿನಲ್ ಸೌಂಡ್ ಫಾರ್ ಮ್ಯುಸಿಶಿಯನ್ಸ್" ಅಂತ ಇದೆ. ಪುಕ್ಕಟೆ ಖಾತೆಗೂ ಸಿಗುತ್ತದೆ. ಅದನ್ನು ಆನ್ ಮಾಡಿದರೆ ಏನನ್ನೂ ಅಳಿಸದೆ ಇದ್ದ ಹಾಗೆ ಕಳಿಸುತ್ತದೆ. ಆಗ ಕೋಣೆಯ ಫ್ಯಾನು ಆರಿಸಬೇಕು, ಅದೂ ಕೇಳುತ್ತದೆ. ಪಾಠ ಅರ್ಧ ಗಂಟೆ ಇಟ್ಟುಕೊಂಡರೆ 40 ನಿಮಿಷದ ಮಿತಿ ಅಡ್ಡ ಬರುವುದಿಲ್ಲ.

ಮತ್ತೆ, ಇಬ್ಬರೂ ಒಟ್ಟಿಗೆ ಹಾಡಲು ಹೋಗಬೇಡಿ. ಯಾವ ಪ್ರೋಗ್ರಾಂನಲ್ಲೂ ಆಗುವುದಿಲ್ಲ. ಟೊರಾಂಟೊಗೆ ಸ್ವರ ಹೋಗಿ ಬರುವಷ್ಟರಲ್ಲಿ ತಾಳ ತಪ್ಪುತ್ತದೆ. ಅಜ್ಜಿ ಒಂದು ಸಾಲು ಹೇಳಲಿ, ಮಗು ಕೇಳಲಿ. ಆಮೇಲೆ ಮಗು ಹೇಳಲಿ, ಅಜ್ಜಿ ಕೇಳಲಿ. ಹಿಂದೆ ಕಲಿತದ್ದೂ ಹೀಗೇ ಅಲ್ವಾ?

ಸಾಧ್ಯವಾದರೆ ರೆಕಾರ್ಡ್ ಮಾಡಿಡಿ. ಜೂಮ್ ಪುಕ್ಕಟೆಯಲ್ಲೂ ನಿಮ್ಮ ಕಂಪ್ಯೂಟರಿಗೆ ರೆಕಾರ್ಡ್ ಆಗುತ್ತದೆ. ಹಸೆ ಹಾಡು ಬಾಯಿಂದ ಬಾಯಿಗೆ ಬಂದಿದ್ದು. ನಿಮ್ಮ ತಾಯಿ ಹೇಳುವ ಮಟ್ಟು ಪಕ್ಕದ ಊರಲ್ಲೇ ಬೇರೆ ಇರಬಹುದು.

ಸಾಗರದ_ಮಗಳು

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಏನಾಯಿತು ಅಂತ ಹೇಳದೆ ಹೋಗುವುದು ಸರಿಯಲ್ಲ.

ಎರಡನೇ ಶನಿವಾರ, ಭಾನುವಾರ ಊರಿಗೆ ಹೋಗಿದ್ದೆ. ಮೊದಲು ಕೇಬಲ್. ಚಿಕ್ಕಪ್ಪನ ಮಗ ಏಣಿ ಹಾಕಿ ತೊಲೆಯ ಪಕ್ಕದಲ್ಲಿ ಎಳೆದುಕೊಟ್ಟ. ಇನ್ನೊಂದು 4 ಜಿಬಿ ರ‍್ಯಾಮ್ ಸಾಗರದಲ್ಲೇ ಸಿಕ್ಕಿತು. ಹಾಸನದ ಸರ್ ಹೇಳಿದ್ದು ನಿಜ, ಬರೀ ಇಷ್ಟಕ್ಕೇ ಅರ್ಧ ತೊಂದರೆ ಹೋಯಿತು.

ಜಿತ್ಸಿ ಮೊದಲು ನೋಡಿದೆವು. ಚಿತ್ರ ಚೆನ್ನಾಗಿ ಬಂತು. ಆದರೆ ನಾನು ಪಕ್ಕದಲ್ಲಿ ಸುಮ್ಮನೆ ಕೂತು "ನೀವೇ ಮಾಡಿ" ಅಂದೆ. ಲಿಂಕ್ ಒತ್ತಿದರು. ಬ್ರೌಸರ್ ಮೈಕಿಗೆ ಅನುಮತಿ ಕೇಳಿತು. ಅಮ್ಮನ ಬೆರಳು ಮೌಸ್ ಮೇಲೆ ಹಾಗೇ ನಿಂತಿತು. ನನ್ನ ಮುಖ ನೋಡಿದರು. ಅಜ್ಜ ಬರೆದದ್ದು ಕಣ್ಣೆದುರು ಕಂಡಿತು.

ಆಮೇಲೆ ವಾಟ್ಸಾಪ್ ಹಾಕಿದೆ. ಸ್ಕ್ಯಾನ್ ಮಾಡಿ, ತಾನೇ ತೆರೆಯುವ ಹಾಗೆ ಇಟ್ಟು, ಸ್ಪೀಕರ್ ಜೋರು ಮಾಡಿ, ನಾನು ತೋಟಕ್ಕೆ ಹೋಗಿ ಅಲ್ಲಿಂದ ಕಾಲ್ ಮಾಡಿದೆ. ನಾಲ್ಕನೇ ರಿಂಗಿಗೆ ಅಮ್ಮ ತೆಗೆದರು. "ಎಲ್ಲಿದ್ದೀಯೆ, ಹಿಂದೆ ಅಡಿಕೆ ಮರ ಕಾಣ್ತಾ ಇದೆ" ಅಂದರು.

ಹೋದ ಭಾನುವಾರ ನಾನು ಬೆಂಗಳೂರಲ್ಲಿದ್ದೆ. ಏಳಕ್ಕೆ ಗುಂಪಿಗೆ ಕರೆ ಮಾಡಿದೆ. ಒಬ್ಬೊಬ್ಬರೇ ಬಂದರು. ಅಮ್ಮನ ಮುಖ ಪೂರ್ತಿ ಕಂಡಿತು, ಹಿಂದೆ ಅಪ್ಪನ ಫೋಟೊ, ಅದರ ಹಾರ. ಅಮ್ಮ ಎರಡು ಕೈ ಮೇಜಿನ ಮೇಲೆ ಇಟ್ಟು ಆರಾಮಾಗಿ ಕೂತಿದ್ದರು. ಹುಬ್ಬಳ್ಳಿ ಅತ್ತೆ ಏನೋ ಹೇಳುತ್ತಿದ್ದರು. ಅಮ್ಮ ನಡುವೆ ತಡೆದು ಮೊಮ್ಮಗಳಿಗೆ ಅಂದರು, "ನಿಲ್ಲು, ನಗು ಒಂದ್ಸಲ. ಮುಂದಿನ ಹಲ್ಲು ಯಾವಾಗ ಬಿತ್ತೇ?" ಹಲ್ಲು ಬಿದ್ದು ಹದಿನೈದು ದಿನ ಆಗಿತ್ತಂತೆ. ಫೋನಿನಲ್ಲಿ ಅಷ್ಟು ಸಲ ಮಾತಾಡಿದ್ದರೂ ಅದು ಕಂಡಿರಲಿಲ್ಲ.

ಎರಡು ಗಂಟೆ ಹತ್ತು ನಿಮಿಷ ಮಾತಾಡಿದೆವು. ಒಂದು ಸಲ ಕರೆಂಟ್ ಹೋಯಿತು, ರೂಟರಿಗೂ ಕಂಪ್ಯೂಟರಿಗೂ ಇನ್ವರ್ಟರ್ ಲೈನ್ ಕೊಡಿಸಿದ್ದೆವು, ಏನೂ ಆಗಲಿಲ್ಲ.

ಹಾಡಿನ ಪಾಠಕ್ಕೆ ಬುಧವಾರ ಜೂಮ್. ಅದನ್ನು ಚಿಕ್ಕಪ್ಪನ ಮಗ ಬಂದು ಹಾಕಿಕೊಡುತ್ತಾನೆ. ಒರಿಜಿನಲ್ ಸೌಂಡ್ ಆನ್ ಮಾಡಿದ ಮೇಲೆ ಅಮ್ಮನ ಎಳೆತ ಪೂರ್ತಿ ಕೇಳುತ್ತದೆ ಅಂತ ಅಣ್ಣ ಫೋನ್ ಮಾಡಿ ಹೇಳಿದ. ಮೂರು ಹಾಡು ರೆಕಾರ್ಡ್ ಆಗಿದೆ.

ಕುಂದಾಪುರ_ಅಜ್ಜ

ಬಹಳ ಸಂತೋಷ ಮಗಳೇ. ಒಂದು ಕೆಲಸ ಬಾಕಿ ಇದೆ. ಏನು ಒತ್ತಬೇಕು ಅಂತ ಒಂದು ಕಾಗದದಲ್ಲಿ ಬರೆದು ಸ್ಕ್ರೀನಿನ ಪಕ್ಕ ಅಂಟಿಸಿ. ನನ್ನಲ್ಲೂ ಇದೆ. ನೀವು ಬರೆಯಬೇಡಿ, ತಾಯಿಯ ಕೈಯಿಂದಲೇ ಬರೆಸಿ. ನಾವು ಬರೆದುಕೊಂಡದ್ದು ನಮಗೆ ಅರ್ಥವಾಗುತ್ತದೆ.

ಸಾಗರದ_ಮಗಳು

ಬರೆಸಿದೆ ಅಜ್ಜಾ. ಹಳೇ ಕ್ಯಾಲೆಂಡರಿನ ಹಿಂದಿನ ಬಿಳಿ ಕಡೆ, ದಪ್ಪ ಸ್ಕೆಚ್ ಪೆನ್ನಿನಲ್ಲಿ. ಚಿಕ್ಕಪ್ಪನ ಮಗ ಫೋಟೊ ಕಳಿಸಿದ. ಅಮ್ಮ ಬರೆದಿದ್ದು ಇಷ್ಟು:

ಆರೂವರೆಗೆ ಕಂಪ್ಯೂಟರ್ ಹಚ್ಚುವುದು.
ರಿಂಗ್ ಆದರೆ ಹಸಿರು.
ಮುಗಿದ ಮೇಲೆ ಕೆಂಪು.
ಗುರುತಿಲ್ಲದವರಿಗೆ ಹಸಿರು ಒತ್ತಬಾರದು. 1930.
ಬುಧವಾರ ಫ್ಯಾನು ಆರಿಸುವುದು.